ನಿವೃತ್ತಿ ಆದ ಮೇಲೆ ಸ್ವದೇಶಕ್ಕೆ ವಾಪಸ್: ಅವರಿಗೆ ಹೋಗಬೇಕು, ನನಗೆ ಅಷ್ಟು ಮನಸ್ಸಿಲ್ಲ

ತೀರದಾಚೆ

ಎಲ್ಲರಿಗೂ ನಮಸ್ಕಾರ. ನಾವು ಅಮೆರಿಕಕ್ಕೆ ಬಂದು ಮೂವತ್ತು ವರ್ಷ ದಾಟಿತು. ಯಜಮಾನರು ಕೆಲಸ ಬಿಟ್ಟಾಯಿತು. ನಾನು ಈ ವರ್ಷದ ಕೊನೆಗೆ ಬಿಡುತ್ತೇನೆ. ಅವರಿಗೆ 67, ನನಗೆ 63. ಭಾರತಕ್ಕೆ ವಾಪಸ್ ಹೋಗಿಬಿಡೋಣ ಅನ್ನುತ್ತಿದ್ದಾರೆ. ಸುಮ್ನೆ ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ತಯಾರಿ ಶುರು ಮಾಡಿದ್ದಾರೆ.

ನಾನು ಬೇಡ ಅಂತಲೂ ಹೇಳಿಲ್ಲ, ಹೂಂ ಅನ್ನುವುದಕ್ಕೂ ಆಗುತ್ತಿಲ್ಲ. ಅವರು ಯಾವಾಗಲೂ ನೆನೆಸಿಕೊಳ್ಳುವ ಜಾಗ ನನಗೂ ಇಷ್ಟವೇ. ಆದರೆ ಅಲ್ಲಿದ್ದ ಅರ್ಧ ಜನ ಈಗ ಇಲ್ಲ. ಉಳಿದವರಿಗೆ ಅವರವರ ಸಂಸಾರ. ಇಲ್ಲಿ ನನಗೆ ಗೆಳತಿಯರಿದ್ದಾರೆ. ಮಗಳು ಕಾರಿನಲ್ಲಿ ಹೋಗುವಷ್ಟು ದೂರದಲ್ಲಿದ್ದಾಳೆ. ಮೊಮ್ಮಗ ಈಗಷ್ಟೇ ಮಾತು ಕಲಿಯುತ್ತಿದ್ದಾನೆ. ಹೊರಟರೆ ಅವರು ತಮ್ಮ ಜನರ ಹತ್ತಿರ ಹೋಗುತ್ತಾರೆ, ನಾನು ಹೊಸದಾಗಿ ಜನ ಹುಡುಕಿಕೊಳ್ಳಬೇಕು. ಇದನ್ನು ಹೇಳಿದರೆ "ನಿನಗೆಲ್ಲಿ ಕಷ್ಟ, ನೀನು ಎಲ್ಲರ ಜೊತೆ ಬೆರೀತೀಯ" ಅಂತ ಮುಗಿಸಿಬಿಡುತ್ತಾರೆ.

ಕಾಗದದ ವಿಷಯ: ನಾನು ಅಮೆರಿಕದ ಪ್ರಜೆ, ಭಾರತ ಮೂಲದ ಹೊರದೇಶದ ಪ್ರಜೆಗಳಿಗೆ ಭಾರತ ಕೊಡುವ ಒಸಿಐ ಕಾರ್ಡ್ ಇದೆ. ಅವರು ಪೌರತ್ವ ತೆಗೆದುಕೊಳ್ಳಲೇ ಇಲ್ಲ. ಭಾರತದ ಪಾಸ್‌ಪೋರ್ಟ್, ಗ್ರೀನ್ ಕಾರ್ಡ್.

ಹೋಗಿ ಉಳಿದವರು, ಹೋಗಿ ತಿರುಗಿ ಬಂದವರು, ಹೊರಡಲೇ ಇಲ್ಲ ಅನ್ನುವವರು, ನಿಮ್ಮ ಅನುಭವ ಹೇಳಿ. ದೇಶಪ್ರೇಮದ ಭಾಷಣ ಬೇಡ. ಅಲ್ಲಿ ಟ್ರಾಫಿಕ್ಕು, ಧೂಳು ಅನ್ನುವ ಪಟ್ಟಿಯೂ ಬೇಡ, ಅದು ಗೊತ್ತು.

ಮರಳಿಬಂದವ

ಮೇಡಂ, ನಾನು ಬ್ರಿಟನ್ನಿನಿಂದ ವಾಪಸ್ ಬಂದವನು. ಬಂದು ಎಷ್ಟೋ ವರ್ಷ ಆಯಿತು. ನೀವಿಬ್ಬರೂ ಎಲ್ಲಿರಬೇಕು ಅಂತ ವಾದ ಮಾಡುತ್ತಿದ್ದೀರಿ. ನನ್ನ ಪ್ರಕಾರ ಅದಕ್ಕಿಂತ ದೊಡ್ಡ ಪ್ರಶ್ನೆ ಯಾವಾಗ ಅನ್ನುವುದು.

ಅರವತ್ತರ ಆಸುಪಾಸಿನಲ್ಲಿ ಬಂದವರನ್ನೂ ನೋಡಿದ್ದೇನೆ, ಎಂಬತ್ತರ ಹತ್ತಿರ ಬಂದವರನ್ನೂ ನೋಡಿದ್ದೇನೆ. ಮೊದಲಿನವರು ಬಂದು ಏನಾದರೂ ಹಚ್ಚಿಕೊಳ್ಳುತ್ತಾರೆ. ಪಾಠ ಹೇಳುತ್ತಾರೆ, ಯಾವುದೋ ಸಂಘದ ಲೆಕ್ಕ ಬರೆಯುತ್ತಾರೆ, ಪಕ್ಕದ ಮನೆಯವರ ಫಾರ್ಮ್ ತುಂಬಿಕೊಡುತ್ತಾರೆ. ನಾಲ್ಕು ಜನಕ್ಕೆ ಬೇಕಾದವರಾಗುತ್ತಾರೆ. ಆಮೇಲೆ ಕಾಯಿಲೆ ಬಿದ್ದರೆ ಆ ನಾಲ್ಕು ಜನ ಬಂದು ನಿಲ್ಲುತ್ತಾರೆ. ಎಂಬತ್ತರಲ್ಲಿ ಬಂದವರು ಮೊದಲ ದಿನದಿಂದಲೇ ನೋಡಿಕೊಳ್ಳಬೇಕಾದವರು. ಸಂಬಂಧಿಕರು ಪ್ರೀತಿಯಿಂದಲೇ ಮಾಡುತ್ತಾರೆ, ಸುಳ್ಳಲ್ಲ. ಆದರೆ ಮೂವತ್ತು ವರ್ಷ ಫೋನಿನಲ್ಲಿ ಮಾತ್ರ ಸಿಕ್ಕವರು ಒಮ್ಮೆಗೇ ಮನೆಯ ಜವಾಬ್ದಾರಿಯಾದರೆ ಯಾರಿಗಾದರೂ ಭಾರವೇ ಅಲ್ವಾ?

ಹಾಗಾಗಿ ಬರುವುದಾದರೆ ಕೈಕಾಲು ಗಟ್ಟಿ ಇರುವಾಗಲೇ ಬನ್ನಿ. "ಇನ್ನೊಂದೆರಡು ವರ್ಷ ನೋಡೋಣ" ಅಂತ ಹತ್ತು ವರ್ಷ ಎಳೆಯುವುದಿದ್ದರೆ ಬರದೇ ಇರುವುದೇ ವಾಸಿ.

ಮೊದಲ ಕೆಲವು ತಿಂಗಳು ಎಲ್ಲರೂ ಕರೆಯುತ್ತಾರೆ. ಅದನ್ನು ನಂಬಬೇಡಿ. ಅದು ಅತಿಥಿಗೆ ಸಿಗುವ ಮರ್ಯಾದೆ. ಆಮೇಲೆ ಒಂದು ದೊಡ್ಡ ಇಳಿತ ಬರುತ್ತದೆ. 1963ರಲ್ಲಿ ಗುಲ್ಲಾಹಾರ್ನ್ ಅನ್ನುವ ಅಮೆರಿಕದ ಸಂಶೋಧಕ ದಂಪತಿ ಇದನ್ನೇ ಬರೆದರು. ಹೊರದೇಶಕ್ಕೆ ಹೋದಾಗ ಮನಸ್ಸು ಒಮ್ಮೆ ಕುಸಿದು ಏಳುತ್ತದೆ, ವಾಪಸ್ ಬಂದಾಗ ಮತ್ತೊಮ್ಮೆ ಕುಸಿದು ಏಳುತ್ತದೆ ಅಂತ. ಹೋಗುವಾಗಿನ ಕುಸಿತಕ್ಕೆ ಎಲ್ಲರೂ ತಯಾರಾಗಿರುತ್ತಾರೆ. ವಾಪಸ್ ಬರುವಾಗ "ನಮ್ಮದೇ ಜಾಗ, ಏನು ಮಹಾ" ಅಂತ ಬಂದಿರುತ್ತೇವೆ, ಹಾಗಾಗಿ ಜಾಸ್ತಿ ಪೆಟ್ಟು ಬೀಳುತ್ತದೆ. ನನ್ನ ಹೆಂಡತಿಗೆ ಎರಡನೇ ವರ್ಷ ತುಂಬಾ ಕಷ್ಟ ಆಯಿತು.

ಬ್ರಿಟನ್ನಿನಿಂದ ಹೊರಡುವವರು ಯಾರಾದರೂ ಓದುತ್ತಿದ್ದರೆ: ಅಲ್ಲಿನ ಸರ್ಕಾರಿ ಪಿಂಚಣಿ ಭಾರತದಲ್ಲಿ ಸಿಗುತ್ತದೆ, ಆದರೆ ವರ್ಷ ವರ್ಷ ಏರುವುದಿಲ್ಲ. ಇಲ್ಲಿ ಬಂದಾಗ ಎಷ್ಟಿತ್ತೋ ಅಷ್ಟೇ ಪೌಂಡು, ಕೊನೆವರೆಗೂ. ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾಕ್ಕೆ ಹೋದರೂ ಇದೇ ಕಥೆ. ಅಮೆರಿಕಕ್ಕೋ ಯುರೋಪಿಗೋ ಹೋದರೆ ಏರುತ್ತದೆ. ಇದರಲ್ಲಿ ಏನು ನ್ಯಾಯವೋ ನನಗಂತೂ ತಿಳಿದಿಲ್ಲ. ಇಪ್ಪತ್ತು ವರ್ಷದ ಲೆಕ್ಕ ಹಾಕಿ ನೋಡಿ, ಸಣ್ಣ ವಿಷಯ ಅಲ್ಲ.

ನೇರಮಾತು

ಎಲ್ಲರೂ ಹೆದರಿಸುವುದೇ ಆಯಿತು. ಲಕ್ಷಾಂತರ ಜನ ವಾಪಸ್ ಬಂದಿದ್ದಾರೆ, ಆರಾಮಾಗಿದ್ದಾರೆ. ಮೇಡಂ, ಆರು ತಿಂಗಳು ಬಾಡಿಗೆ ಮನೆ ಹಿಡಿದು ಇದ್ದು ನೋಡಿ. ಹಿಡಿಸಿದರೆ ಉಳಿಯಿರಿ, ಇಲ್ಲದಿದ್ದರೆ ವಾಪಸ್ ಹೋಗಿ. ಇದಕ್ಕೆ ಇಷ್ಟು ಚರ್ಚೆ ಯಾಕೆ?

ಮರುಭೂಮಿ

ಓದುತ್ತಾ ಸ್ವಲ್ಪ ಹೊಟ್ಟೆಕಿಚ್ಚಾಯಿತು, ಕ್ಷಮಿಸಿ. ಹೋಗಬೇಕಾ ಬೇಡವಾ ಅಂತ ಕೂತು ಯೋಚಿಸುವ ಭಾಗ್ಯ ನಮ್ಮಂಥ ಗಲ್ಫ್‌ನವರಿಗೆ ಇಲ್ಲ. ಅಲ್ಲಿ ವೀಸಾ ಕೆಲಸಕ್ಕೆ ಅಂಟಿಕೊಂಡಿರುತ್ತದೆ. ಕೆಲಸ ಮುಗಿದರೆ ಹೊರಡಬೇಕು. ದುಬೈ ಕಡೆ ಈಗ 55 ದಾಟಿದವರಿಗೆ ಐದು ವರ್ಷದ ನಿವೃತ್ತಿ ವೀಸಾ ಅಂತ ಇದೆ. ಆದರೆ ಅದು ಆಸ್ತಿ, ಉಳಿತಾಯ ಇದ್ದವರಿಗೆ. ನಮಗೆ ಪಿಂಚಣಿಯೂ ಇಲ್ಲ. ಸೇವೆ ಮುಗಿದಾಗ ಕೊಡುವ ಗ್ರ್ಯಾಚುಟಿ ಒಂದೇ. ಯುಎಇ ಲೆಕ್ಕದಲ್ಲಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ಸಂಬಳ, ಆಮೇಲೆ ವರ್ಷಕ್ಕೆ 30 ದಿನದ್ದು. ಒಟ್ಟು ಎರಡು ವರ್ಷದ ಸಂಬಳ ದಾಟುವಂತಿಲ್ಲ. ಮೂಲ ಸಂಬಳ ಅಂದಿದ್ದನ್ನು ಗಮನಿಸಿ. ಮನೆ ಬಾಡಿಗೆ ಭತ್ಯೆ, ಕಾರಿನ ಭತ್ಯೆ ಇದ್ಯಾವುದೂ ಅದರಲ್ಲಿ ಬರುವುದಿಲ್ಲ.

ಒಂದು ಒಳ್ಳೆಯದಿದೆ. ಹೋಗಲೇಬೇಕು ಅಂತ ಮೊದಲ ದಿನದಿಂದ ಗೊತ್ತಿದ್ದರಿಂದ ನಮ್ಮವರು ಊರಿನ ನಂಟು ಬಿಟ್ಟಿರುವುದಿಲ್ಲ. ವರ್ಷಕ್ಕೊಮ್ಮೆ ಬರುತ್ತಿದ್ದವನನ್ನು ಜನ ಮರೆಯುವುದಿಲ್ಲ.

ಲೆಕ್ಕದಮ್ಮ

ಮರುಭೂಮಿ ಅಣ್ಣ ಹೇಳಿದ್ದು ಸರಿ. ಅಮೆರಿಕದವರ ಸಮಸ್ಯೆ ಉಲ್ಟಾ. ಆಯ್ಕೆ ಜಾಸ್ತಿ, ಪ್ರತಿಯೊಂದು ಆಯ್ಕೆಗೂ ಒಂದು ಫಾರ್ಮು.

ತೀರದಾಚೆ ಅಕ್ಕ, ನಾನು ಇಂಥ ಲೆಕ್ಕಗಳನ್ನೇ ನೋಡುವವಳು. ನಿಮ್ಮದು ಒಂದೇ ಮನೆಯಲ್ಲಿ ಎರಡು ಪೌರತ್ವ ಇರುವ ಕೇಸು. ನಿಮಗೆ ಆಗುವುದು ಯಜಮಾನರಿಗೆ ಆಗುವುದಿಲ್ಲ, ಅವರಿಗೆ ಆಗುವುದು ನಿಮಗೆ ಆಗುವುದಿಲ್ಲ. ಒಟ್ಟಿಗೆ ಯೋಚಿಸಿದರೆ ಗೋಜಲಾಗುತ್ತದೆ. ಬೇರೆ ಬೇರೆ ನೋಡೋಣ.

ಮೊದಲು ಅವರದ್ದು, ಯಾಕಂದರೆ ಅಪಾಯ ಇರುವುದು ಅಲ್ಲಿ. ಗ್ರೀನ್ ಕಾರ್ಡ್ ಅಮೆರಿಕದಲ್ಲಿ ವಾಸ ಮಾಡುವವರಿಗೆ ಕೊಟ್ಟಿರುವುದು. ಒಂದು ವರ್ಷಕ್ಕಿಂತ ಜಾಸ್ತಿ ಹೊರಗಿದ್ದರೆ ಆ ಕಾರ್ಡ್ ತೋರಿಸಿ ವಾಪಸ್ ಒಳಗೆ ಬರಲು ಆಗುವುದಿಲ್ಲ. ರೀ-ಎಂಟ್ರಿ ಪರ್ಮಿಟ್ ಇದ್ದರೆ ಎರಡು ವರ್ಷದವರೆಗೆ ಅವಕಾಶ. ಆದರೆ ಅದಕ್ಕೆ ಅರ್ಜಿ ಹಾಕುವಾಗ ಅಮೆರಿಕದ ಒಳಗೇ ಇರಬೇಕು, ಬೆರಳಚ್ಚೂ ಕೊಡಬೇಕು. ಆರು ತಿಂಗಳಿಗೊಮ್ಮೆ ಬಂದು ಮುಖ ತೋರಿಸಿ ಹೋದರೆ ಸಾಕು ಅಂತ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ನಿಜವಾದ ವಾಸ ಬೇರೆ ಕಡೆ ಇದೆ ಅಂತ ಗೊತ್ತಾದರೆ ವಿಮಾನ ನಿಲ್ದಾಣದಲ್ಲೇ ಪ್ರಶ್ನೆ ಏಳುತ್ತದೆ. ನೇರಮಾತು ಅವರು ಹೇಳಿದ ಆರು ತಿಂಗಳ ಪ್ರಯೋಗ ನಿಮಗೆ ಸುಲಭ, ಅವರಿಗೆ ಅಷ್ಟು ಸುಲಭ ಅಲ್ಲ.

ಕಾರ್ಡನ್ನು ಒಪ್ಪಿಸಿಬಿಟ್ಟರೆ ಏನು? ಕಳೆದ 15 ವರ್ಷಗಳಲ್ಲಿ ಕನಿಷ್ಠ 8 ವರ್ಷ ಕಾರ್ಡ್ ಇಟ್ಟುಕೊಂಡವರಿಗೆ ನಿರ್ಗಮನ ತೆರಿಗೆಯ ನಿಯಮ ಅನ್ವಯಿಸುತ್ತದೆ. ಒಟ್ಟು ಆಸ್ತಿ 20 ಲಕ್ಷ ಡಾಲರ್ ಮುಟ್ಟಿದ್ದರೆ, ಅಥವಾ ಹಿಂದಿನ ಐದು ವರ್ಷದ ತೆರಿಗೆ ಕೆಲಸ ಸರಿಯಾಗಿದೆ ಅಂತ ದೃಢೀಕರಿಸಲು ಆಗದಿದ್ದರೆ, ಎಲ್ಲವನ್ನೂ ಮಾರಿದ ಹಾಗೆ ಲೆಕ್ಕ ಹಾಕುತ್ತಾರೆ. ಮನೆ, ನಿವೃತ್ತಿ ಖಾತೆ ಎಲ್ಲ ಸೇರಿಸಿದರೆ ಎಷ್ಟೋ ಸಾಧಾರಣ ನೌಕರರೂ ಆ ಗೆರೆಯ ಹತ್ತಿರ ಬಂದಿರುತ್ತಾರೆ.

ಸೋಷಿಯಲ್ ಸೆಕ್ಯುರಿಟಿ, ಅಂದರೆ ಅಮೆರಿಕದ ಸರ್ಕಾರಿ ಪಿಂಚಣಿ, ಅದರ ಬಗ್ಗೆ ಭಯ ಬೇಡ. 40 ಕ್ರೆಡಿಟ್, ಅಂದರೆ ಸುಮಾರು ಹತ್ತು ವರ್ಷದ ಕೆಲಸ ಇದ್ದರೆ ಭಾರತದ ಪ್ರಜೆಗೆ ಭಾರತದಲ್ಲಿದ್ದರೂ ಅದು ಬರುತ್ತದೆ. ಆದರೆ ಕಾರ್ಡ್ ಒಪ್ಪಿಸಿ ಅನಿವಾಸಿ ಆದ ಮೇಲೆ ಅದರ ಶೇ. 85 ಭಾಗದ ಮೇಲೆ ಶೇ. 30 ತೆರಿಗೆ ಹಿಡಿಯುತ್ತಾರೆ. ಒಟ್ಟಿನಲ್ಲಿ ಶೇ. 25.5 ಹೋಯಿತು.

ಇನ್ನೊಂದು, ಇದನ್ನು ಯಾರೂ ಹೇಳುವುದಿಲ್ಲ. ಅಮೆರಿಕದ ಪ್ರಜೆಯೂ ಅಲ್ಲದ, ಅಲ್ಲಿ ನೆಲೆಸಿಯೂ ಇಲ್ಲದ ವ್ಯಕ್ತಿ ತೀರಿಕೊಂಡರೆ, ಅಮೆರಿಕದ ಷೇರು, ಮನೆ ಇವುಗಳ ಮೇಲೆ ಉತ್ತರಾಧಿಕಾರ ತೆರಿಗೆಗೆ ವಿನಾಯಿತಿ ಬರೀ 60,000 ಡಾಲರ್. ಅದರ ಮೇಲಿದ್ದರೆ ಶೇ. 40ರವರೆಗೂ ಹೋಗಬಹುದು. ನೀವು ಪ್ರಜೆಯಾದ್ದರಿಂದ ಆಸ್ತಿ ನಿಮಗೆ ಬಂದರೆ ತೊಂದರೆ ಇಲ್ಲ. ನೇರವಾಗಿ ಮಗಳಿಗೆ ಹೋಗುವ ಹಾಗೆ ಬರೆದಿದ್ದರೆ ತೊಂದರೆ. ಬೆನಿಫಿಷಿಯರಿ ಅಂತ ಯಾರ ಹೆಸರಿದೆ ಒಮ್ಮೆ ತೆಗೆದು ನೋಡಿ.

ನಿಮ್ಮ ವಿಷಯ ಸರಳ, ಆದರೆ ಮುಗಿಯುವುದೇ ಇಲ್ಲ. ಪ್ರಜೆಯಾದ್ದರಿಂದ ಎಲ್ಲಿದ್ದರೂ ಅಮೆರಿಕಕ್ಕೆ ತೆರಿಗೆ ರಿಟರ್ನ್ ಹಾಕಬೇಕು. ಹೊರದೇಶದ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಒಂದು ದಿನವಾದರೂ 10,000 ಡಾಲರ್ ದಾಟಿದರೆ ಎಫ್‌ಬಾರ್ ಅನ್ನುವ ಖಾತೆ ವಿವರದ ಫಾರ್ಮು ಹಾಕಬೇಕು. ಒಸಿಐ ಇದ್ದರೆ ಎಷ್ಟು ಕಾಲ ಬೇಕಾದರೂ ಇರಬಹುದು. ಮತ ಹಾಕುವಂತಿಲ್ಲ. ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಯಜಮಾನರಿಗೆ ತೋಟದ ಕನಸಿದ್ದರೆ ಅದು ಅವರ ಹೆಸರಲ್ಲೇ ಆಗಬೇಕು, ಅದೂ ಅವರು ವಾಪಸ್ ಬಂದು ನೆಲೆಸಿದ ಮೇಲೆ.

ಭಾರತದ ಕಡೆ ಒಂದು ಅನುಕೂಲ ಇದೆ. ಬಹಳ ವರ್ಷ ಹೊರಗಿದ್ದು ಬಂದವರನ್ನು ಮೊದಲ ಎರಡು ಮೂರು ವರ್ಷ "ಸಾಮಾನ್ಯ ನಿವಾಸಿ ಅಲ್ಲದ ನಿವಾಸಿ" ಅಂತ ಇಡುತ್ತಾರೆ. ಹಿಂದಿನ 10 ವರ್ಷದಲ್ಲಿ 9 ವರ್ಷ ಅನಿವಾಸಿ ಆಗಿದ್ದರೆ, ಅಥವಾ ಹಿಂದಿನ 7 ವರ್ಷದಲ್ಲಿ ಇಲ್ಲಿದ್ದದ್ದು 729 ದಿನಕ್ಕಿಂತ ಜಾಸ್ತಿ ಇಲ್ಲದಿದ್ದರೆ ಇದು ಸಿಗುತ್ತದೆ. ಆ ಕಾಲದಲ್ಲಿ ಹೊರದೇಶದ ಬಡ್ಡಿ, ಡಿವಿಡೆಂಡಿಗೆ ಇಲ್ಲಿ ತೆರಿಗೆ ಇಲ್ಲ. ಷೇರು ಮಾರುವುದು, ಖಾತೆ ಸರಿಪಡಿಸುವುದು ಎಲ್ಲ ಆ ಕಾಲದಲ್ಲೇ ಮುಗಿಸಿಕೊಳ್ಳಿ. ಅದು ಮುಗಿದ ಮೇಲೆ ಹೊರದೇಶದ ಪ್ರತಿಯೊಂದು ಆಸ್ತಿಯನ್ನೂ ರಿಟರ್ನ್‌ನಲ್ಲಿ ತೋರಿಸಬೇಕು. ತೋರಿಸದಿದ್ದರೆ 10 ಲಕ್ಷ ರೂಪಾಯಿ ದಂಡಕ್ಕೆ 2015ರ ಕಪ್ಪುಹಣ ಕಾಯ್ದೆಯಲ್ಲಿ ಅವಕಾಶ ಇದೆ. ನಿವೃತ್ತಿ ಖಾತೆಗಳಿಗೆ ಬೇರೆ ವ್ಯವಸ್ಥೆ. ಅಮೆರಿಕ, ಬ್ರಿಟನ್, ಕೆನಡಾದವುಗಳಾದರೆ ಹಣ ತೆಗೆದಾಗ ಮಾತ್ರ ಇಲ್ಲೂ ತೆರಿಗೆ ಅಂತ ಆರಿಸಿಕೊಳ್ಳಬಹುದು. ಅದಕ್ಕೆ ಗಡುವಿನೊಳಗೆ ಫಾರ್ಮ್ ಹಾಕಬೇಕು. ಒಮ್ಮೆ ಆರಿಸಿದರೆ ವಾಪಸ್ ಪಡೆಯಲು ಆಗುವುದಿಲ್ಲ.

ಉದ್ದ ಆಯಿತು. ಆರೋಗ್ಯ ವಿಮೆ ಬಗ್ಗೆ ಬೇರೆ ಯಾರಾದರೂ ಬರೆಯಿರಿ, ನನಗೆ ಊಟದ ಹೊತ್ತು.

ತೀರದಾಚೆ

ಲೆಕ್ಕದಮ್ಮ ಅವರೇ, ಎರಡು ಸಲ ಓದಿದೆ. ನಿವೃತ್ತಿ ಖಾತೆಯಲ್ಲಿ ಮಗಳ ಹೆಸರೇ ಇದೆ. ಯಜಮಾನರಿಗೆ ತೋರಿಸಿದೆ, ಮುಖ ನೋಡಬೇಕಿತ್ತು.

ಆದರೆ ನನ್ನ ಮೊದಲ ಪ್ರಶ್ನೆಗೆ ಮರಳಿಬಂದವ ಸರ್ ಮಾತ್ರ ಉತ್ತರ ಕೊಟ್ಟ ಹಾಗಾಯಿತು. ಸರ್, ನಿಮ್ಮ ಹೆಂಡತಿಗೆ ಎರಡನೇ ವರ್ಷ ಕಷ್ಟ ಆಯಿತು ಅಂದಿರಿ. ಆಮೇಲೆ?

ಮರಳಿಬಂದವ

ಅವಳು ಒಂದು ದಿನ ಸ್ಪಷ್ಟವಾಗಿ ಹೇಳಿದಳು. "ಇಲ್ಲಿ ನಿಮಗೆ ಗೆಳೆಯರಿದ್ದಾರೆ, ನನಗೆ ನಿಮ್ಮ ಗೆಳೆಯರ ಹೆಂಡತಿಯರಿದ್ದಾರೆ" ಅಂತ. ನನಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ಅವಳೇ ದಾರಿ ಹುಡುಕಿಕೊಂಡಳು. ವರ್ಷಕ್ಕೆ ಕೆಲವು ತಿಂಗಳು ಮಕ್ಕಳ ಹತ್ತಿರ ಹೋಗಿ ಬರುತ್ತಾಳೆ, ಒಬ್ಬಳೇ. ನಾನು ಇಲ್ಲೇ ಇರುತ್ತೇನೆ. ಮೊದಲು ಜನ ಏನೇನೋ ಮಾತಾಡಿದರು. ಈಗ ಯಾರೂ ಕೇಳುವುದಿಲ್ಲ. ಇಲ್ಲಿ ಒಂದು ಹಾಡಿನ ತರಗತಿಗೆ ಸೇರಿದಳು. ಅಲ್ಲಿ ಸಿಕ್ಕವರು ಅವಳ ಸ್ವಂತ ಪರಿಚಯ, ನನ್ನ ಮೂಲಕ ಬಂದವರಲ್ಲ. ಅದರಿಂದ ಎಷ್ಟೋ ಸರಿಹೋಯಿತು. ಪೂರ್ತಿ ಸರಿಹೋಯಿತು ಅಂತ ಹೇಳಲಾರೆ.

ನೇರಮಾತು ಅವರೇ, ಆರು ತಿಂಗಳ ಪ್ರಯೋಗದ ಬಗ್ಗೆ ನನ್ನ ತಕರಾರಿದೆ. ವಾಪಸ್ ಟಿಕೆಟ್ ಜೇಬಿನಲ್ಲಿದ್ದಾಗ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಕರೆಂಟು ಹೋದರೂ ನಗು ಬರುತ್ತದೆ.

ನೇರಮಾತು

ಹಾಗಾದರೆ ನೋಡದೇ ಜಿಗಿಯಬೇಕಾ? ಆರು ತಿಂಗಳು ಸಾಲದಿದ್ದರೆ ವರ್ಷ ಮಾಡಿ. ಮನೆ ಮಾರಬೇಡಿ ಅಷ್ಟೇ.

ಮರಳಿಬಂದವ

ಮನೆ ಮಾರಬೇಡಿ ಅನ್ನುವುದನ್ನು ಒಪ್ಪುತ್ತೇನೆ. ಪ್ರಯೋಗ ಮಾಡುವುದಾದರೆ ಬೇಸರದ ಕೆಲಸಗಳನ್ನೂ ಸೇರಿಸಿಕೊಂಡು ಮಾಡಿ. ಒಂದು ಸರ್ಕಾರಿ ಕಚೇರಿ ಕೆಲಸ ನೀವೇ ಓಡಾಡಿ ಮಾಡಿಸಿ. ಸಂಬಂಧಿಕರ ಮನೆಯಲ್ಲಿ ಇಳಿಯಬೇಡಿ. ಮದುವೆ, ಹಬ್ಬಗಳ ಕಾಲ ಬಿಟ್ಟು ಸುಮ್ನೆ ದಿನ ಹೋಗದ ತಿಂಗಳಲ್ಲಿ ಬನ್ನಿ. ಮುಖ್ಯವಾಗಿ ಇಬ್ಬರೂ ಬೇರೆ ಬೇರೆಯಾಗಿ ದಿನ ಕಳೆಯಿರಿ. ಮೇಡಂಗೆ ತಮ್ಮದೇ ಆದ ಒಂದು ಕೆಲಸ ಸಿಗುತ್ತದಾ ಅನ್ನುವುದೇ ನಿಜವಾದ ಪರೀಕ್ಷೆ.

ರಾತ್ರಿಪಾಳಿ

ನಾನು ಕೆನಡಾದಲ್ಲಿ ವೃದ್ಧರ ಆರೈಕೆ ಕೇಂದ್ರದಲ್ಲಿ ನರ್ಸ್. ಇನ್ನೊಂದು ಮುಖ ಹೇಳುತ್ತೇನೆ.

ಇಲ್ಲಿಗೆ ಬಂದು ಐವತ್ತು ವರ್ಷ ಆದವರೂ ನಮ್ಮಲ್ಲಿದ್ದಾರೆ. ಚೆನ್ನಾಗಿ ಇಂಗ್ಲಿಷ್ ಮಾತಾಡುತ್ತಿದ್ದವರು. ಮರೆವಿನ ಕಾಯಿಲೆ ಬಂದ ಮೇಲೆ ಕೆಲವರಿಗೆ ಆಮೇಲೆ ಕಲಿತ ಭಾಷೆ ಮೊದಲು ಜಾರುತ್ತದೆ. ಚಿಕ್ಕಂದಿನ ಭಾಷೆ ಉಳಿಯುತ್ತದೆ. ಆಗ ಅವರು ನೋವು ಎಲ್ಲಿದೆ ಅಂತ ಹೇಳಿದರೂ ಸುತ್ತ ಇರುವ ಯಾರಿಗೂ ಅರ್ಥ ಆಗುವುದಿಲ್ಲ. ಒಬ್ಬ ಇಟಾಲಿಯನ್ ಅಜ್ಜಿಗೆ ನಾವು ನಾಲ್ಕೈದು ಇಟಾಲಿಯನ್ ಪದ ಗೋಡೆಗೆ ಅಂಟಿಸಿಕೊಂಡು ಕೆಲಸ ನಡೆಸಿದೆವು. ಎಲ್ಲರಿಗೂ ಹೀಗೇ ಆಗುತ್ತದೆ ಅಂತಲ್ಲ. ಆದರೆ ನಿಮ್ಮ ಯಜಮಾನರ ತೂಕದ ತಟ್ಟೆಯಲ್ಲಿ ಇದನ್ನೂ ಹಾಕಿ ಅಕ್ಕ.

ಹಾಗಂತ ವಾಪಸ್ ಹೋದರೆ ಎಲ್ಲ ಸರಿ ಅಂತಲೂ ಇಲ್ಲ. ಒಂದು ಕಾನೂನಿನ ವಿಷಯ ಇದೆ, ದಯವಿಟ್ಟು ಗಮನ ಕೊಡಿ. ಇಲ್ಲೂ ಅಮೆರಿಕದಲ್ಲೂ ಮುಂದೆ ಬುದ್ಧಿ ಕೈಕೊಟ್ಟರೂ ನಡೆಯುವಂಥ ಪವರ್ ಆಫ್ ಅಟಾರ್ನಿ ಮಾಡಿಸಬಹುದು. ಭಾರತದಲ್ಲಿ ಹಾಗಿಲ್ಲ. ಬರೆದುಕೊಟ್ಟವರು ಬುದ್ಧಿಸ್ವಾಧೀನ ಕಳೆದುಕೊಂಡರೆ 1872ರ ಕರಾರು ಕಾಯ್ದೆ ಪ್ರಕಾರ ಆ ಅಧಿಕಾರವೇ ಮುಗಿಯುತ್ತದೆ. ಸರಿಯಾಗಿ ಬೇಕಾದ ಹೊತ್ತಿಗೇ ಅದು ಕೆಲಸಕ್ಕೆ ಬರುವುದಿಲ್ಲ. ಆಮೇಲೆ ಮನೆಯವರು ಕೋರ್ಟಿಗೆ ಹೋಗಿ ಪಾಲಕತ್ವ ಕೇಳಬೇಕು. ಹಾಗಾಗಿ ಬ್ಯಾಂಕ್ ಖಾತೆಗಳನ್ನು ಇಬ್ಬರ ಹೆಸರಲ್ಲಿ, ಇಬ್ಬರಲ್ಲಿ ಯಾರು ಬೇಕಾದರೂ ನಡೆಸುವ ಹಾಗೆ ಇಡಿ.

ವೆಂಟಿಲೇಟರ್ ಬೇಡ, ಎಳೆದಾಡಬೇಡಿ ಅನ್ನುವಂಥ ಇಚ್ಛಾಪತ್ರ ಹೊರದೇಶದಲ್ಲಿ ಮಾಡಿಸಿದ್ದು ಭಾರತದಲ್ಲಿ ನಡೆಯುತ್ತದೆ ಅಂತ ಅಂದುಕೊಳ್ಳಬೇಡಿ. ಭಾರತದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಇದನ್ನು ಒಪ್ಪಿತು. 2023ರಲ್ಲಿ ನಿಯಮ ಸರಳ ಮಾಡಿತು. ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಇದ್ದರೆ ಆಗುತ್ತದೆ. ಹೋದ ಕೂಡಲೇ ಹೊಸದು ಮಾಡಿಸಿ.

ಕೆನಡಾದವರಿಗೆ ಒಂದು ಮಾತು: ವೃದ್ಧಾಪ್ಯ ಪಿಂಚಣಿ ಹೊರದೇಶದಲ್ಲೂ ನಿರಂತರ ಬರಬೇಕಾದರೆ 18 ತುಂಬಿದ ಮೇಲೆ 20 ವರ್ಷ ಇಲ್ಲಿದ್ದಿರಬೇಕು. 10 ವರ್ಷಕ್ಕೆ ಸಿಗುವುದು ಇಲ್ಲೇ ಇರುವವರಿಗೆ. ಹದಿನೆಂಟು ಹತ್ತೊಂಬತ್ತು ವರ್ಷಕ್ಕೆ ಹೊರಟುಬಿಡುವವರನ್ನು ನೋಡಿದರೆ ಅಯ್ಯೋ ಅನ್ನಿಸುತ್ತದೆ.

ದೂರದಮಗಳು

ಇದುವರೆಗೆ ಬರೆದವರೆಲ್ಲ ಅಪ್ಪ ಅಮ್ಮಂದಿರು. ಮಗಳ ಕಡೆಯಿಂದ ನಾನು ಬರೆಯುತ್ತೇನೆ.

ನಮ್ಮ ಅಪ್ಪ ಅಮ್ಮ ನಿವೃತ್ತಿ ಆಗಿ ವಾಪಸ್ ಹೋದರು. ನಾನು ಇಲ್ಲೇ ಹುಟ್ಟಿದವಳು. ಅವರು ಮನೆಗೆ ಮರಳಿದರು ಅಂತ ಎಲ್ಲರೂ ಸಂತೋಷಪಟ್ಟರು. ನನಗೆ ಮಾತ್ರ ಅವರು ವಲಸೆ ಹೋದ ಹಾಗೆ. ಅವರು ಚಿಕ್ಕವರಿದ್ದಾಗ ತಮ್ಮ ಅಪ್ಪ ಅಮ್ಮನನ್ನು ಬಿಟ್ಟು ಬಂದರು. ಈಗ ರಾತ್ರಿ ಎರಡು ಗಂಟೆಗೆ ಫೋನ್ ರಿಂಗಾದರೆ ಎದೆ ಹೊಡೆದುಕೊಳ್ಳುವುದು ನನ್ನ ಸರದಿ. ಸಿಟ್ಟಿಲ್ಲ. ಆದರೆ ಹೊರಡುವ ಮೊದಲು ನನ್ನನ್ನು ಯಾರೂ ಕೇಳಲಿಲ್ಲ. ತಿಳಿಸಿದರು, ಅಷ್ಟೇ. ಆಂಟಿ, ನಿಮ್ಮ ಮಗಳ ಹತ್ತಿರ ಕೂತು ಮಾತಾಡಿದ್ದೀರಾ?

ಇನ್ನು ಸಣ್ಣದು, ಆದರೆ ತುಂಬಾ ಕಾಡಿದ್ದು. ಅಪ್ಪ ಹೋಗುವಾಗ ಇಲ್ಲಿನ ಮೊಬೈಲ್ ನಂಬರ್ ಬಿಟ್ಟುಬಿಟ್ಟರು, ಇನ್ನು ಯಾಕೆ ಅಂತ. ಬ್ಯಾಂಕಿನ ಒಟಿಪಿ ಆ ನಂಬರಿಗೇ ಬರುತ್ತಿತ್ತು. ಖಾತೆ ಲಾಕ್ ಆಯಿತು. ಗ್ರಾಹಕ ಸೇವೆಯವರು ಸ್ವತಃ ಶಾಖೆಗೆ ಬನ್ನಿ ಅಂದರು. ಎಂಟು ಸಾವಿರ ಮೈಲಿ ದೂರದಿಂದ! ನಂಬರನ್ನು ಕಡಿಮೆ ಖರ್ಚಿನ ಪ್ಲಾನಿಗೆ ಹಾಕಿ ಉಳಿಸಿಕೊಳ್ಳಿ. ಪಿಂಚಣಿ ಕಚೇರಿಯಿಂದ ಬದುಕಿದ್ದೀರಾ ಅಂತ ಕೇಳುವ ಪತ್ರ ಆಗಾಗ ಬರುತ್ತದೆ. ಬ್ರಿಟನ್, ಅಮೆರಿಕ ಎರಡೂ ಕಡೆ ಈ ಪದ್ಧತಿ ಇದೆ. ಅಂಚೆಯಲ್ಲಿ ಅದು ಕಳೆದುಹೋಗಿ ಉತ್ತರ ಹೋಗದಿದ್ದರೆ ಹಣ ನಿಲ್ಲುತ್ತದೆ. ವಿಳಾಸ ಬದಲಾದಾಗ ಮೊದಲು ಅವರಿಗೇ ತಿಳಿಸಿ.

ತೀರದಾಚೆ

ಇದು ನಾನು, ಅವಳ ಯಜಮಾನ. ಅವಳ ಖಾತೆಯಿಂದಲೇ ಬರೆಯುತ್ತಿದ್ದೇನೆ, ಅವಳಿಗೆ ಹೇಳಿಯೇ ಬರೆಯುತ್ತಿದ್ದೇನೆ. ಇಷ್ಟು ಜನ ನನ್ನ ಬಗ್ಗೆ ಮಾತಾಡಿದ ಮೇಲೆ ಸುಮ್ಮನಿರುವುದು ಚೆನ್ನಾಗಿರುವುದಿಲ್ಲ.

ಹಳೆಯ ನೆನಪಿಗೆ ಸೋತು ಹೊರಟಿದ್ದೇನೆ ಅಂತ ಎಲ್ಲರೂ ಅಂದುಕೊಂಡಿದ್ದೀರಿ. ಅದು ಸ್ವಲ್ಪ ನಿಜ, ಪೂರ್ತಿ ಅಲ್ಲ. ನಾವಿರುವ ಜಾಗದಲ್ಲಿ ಕಾರಿಲ್ಲದೆ ಯಾರನ್ನೂ ನೋಡಲು ಆಗುವುದಿಲ್ಲ. ಕಣ್ಣು ಮಂದವಾಗಿ ಕಾರು ಓಡಿಸುವುದು ನಿಂತ ದಿನ ನನ್ನ ಪ್ರಪಂಚ ಈ ಮನೆಯ ನಾಲ್ಕು ಗೋಡೆ. ಎದುರು ಮನೆಯವರು ಅದೇ ಪರಿಸ್ಥಿತಿಯಲ್ಲಿರುವುದನ್ನು ಕಿಟಕಿಯಿಂದ ದಿನಾ ನೋಡುತ್ತೇನೆ. ಒಳ್ಳೆಯ ಜನ. ಮಕ್ಕಳು ತಿಂಗಳಿಗೊಮ್ಮೆ ಬರುತ್ತಾರೆ. ನನಗೆ ಭಾರತವೇ ಬೇಕು ಅಂತ ಹಟ ಇಲ್ಲ. ನಡೆದು ಹೋಗಿ ಒಬ್ಬರ ಹತ್ತಿರ ಹತ್ತು ನಿಮಿಷ ಮಾತಾಡಿ ಬರುವಂಥ ಜಾಗ ಬೇಕು.

ಅವಳಿಗೆ ಅಲ್ಲಿ ತನ್ನದೇ ಬಳಗ ಬೇಕು ಅನ್ನುವುದು ನನಗೆ ಹೊಳೆದಿರಲಿಲ್ಲ ಅಂತ ಅಲ್ಲ. ಕೇಳಿದರೆ ಬೇಡ ಅಂದುಬಿಡುತ್ತಾಳೇನೋ ಅಂತ ಕೇಳಲಿಲ್ಲ.

ಲೆಕ್ಕದಮ್ಮ ಅವರೇ, ಈಗ ಪೌರತ್ವ ತೆಗೆದುಕೊಳ್ಳುವುದು ಜಾಣತನವಾ? 65 ದಾಟಿದವರಿಗೆ ಇಲ್ಲಿನ ಸರ್ಕಾರ ಕೊಡುವ ಆರೋಗ್ಯ ವಿಮೆ, ಮೆಡಿಕೇರ್, ಏನಾಗುತ್ತದೆ?

ಲೆಕ್ಕದಮ್ಮ

ಸರ್, ನಮಸ್ಕಾರ. ಬರೆದದ್ದು ಒಳ್ಳೆಯದಾಯಿತು.

ಮೊಮ್ಮಗನನ್ನು ನೋಡಲು ಮುಂದೆ ಎಷ್ಟು ಸಲ ಬೇಕಾದರೂ, ಎಷ್ಟು ದಿನ ಬೇಕಾದರೂ ಬಂದಿರಬೇಕು ಅನ್ನುವ ಆಸೆ ಇದ್ದರೆ ಪೌರತ್ವವೇ ನೆಮ್ಮದಿ. ಆದರೆ ಅದನ್ನು ಹೊರಡುವ ಮೊದಲು ಮುಗಿಸಬೇಕು. ಆರು ತಿಂಗಳು ದಾಟಿ ಹೊರಗಿದ್ದರೆ ನಿರಂತರ ವಾಸದ ಪ್ರಶ್ನೆ ಬರುತ್ತದೆ. 65 ದಾಟಿ, ಗ್ರೀನ್ ಕಾರ್ಡ್ ಬಂದು 20 ವರ್ಷ ಆಗಿದ್ದರೆ ಪರೀಕ್ಷೆ ಸುಲಭ. ಓದಿಕೊಳ್ಳಬೇಕಾದ ಪ್ರಶ್ನೆಗಳು ಕಡಿಮೆ, ಬೇಕಿದ್ದರೆ ಸ್ವಂತ ಭಾಷೆಯಲ್ಲೇ ಉತ್ತರಿಸಬಹುದು. ಬೆಲೆ ಏನು ಅಂದರೆ ಭಾರತದ ಪೌರತ್ವ ಹೋಗುತ್ತದೆ, ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಪಾಸ್‌ಪೋರ್ಟ್ ಒಪ್ಪಿಸಿ ಒಸಿಐ ಮಾಡಿಸಬೇಕು. ಕೃಷಿ ಜಮೀನಿನ ಯೋಚನೆ ಇದ್ದರೆ ಅದನ್ನು ಇದಕ್ಕಿಂತ ಮೊದಲು ತೀರ್ಮಾನಿಸಿ. ಆಮೇಲೆ ಜೀವನಪೂರ್ತಿ ಅಮೆರಿಕದ ತೆರಿಗೆ ರಿಟರ್ನ್.

ಮೆಡಿಕೇರ್ ಭಾರತದಲ್ಲಿ ನಡೆಯುವುದಿಲ್ಲ. ಆಸ್ಪತ್ರೆ ಖರ್ಚಿನ ಪಾರ್ಟ್ ಎ ಉಚಿತವಾಗಿದ್ದರೆ ಹಾಗೇ ಇರಲಿ, ಅಮೆರಿಕಕ್ಕೆ ಹೋದಾಗ ಉಪಯೋಗಕ್ಕೆ ಬರುತ್ತದೆ. ವೈದ್ಯರ ಖರ್ಚಿನ ಪಾರ್ಟ್ ಬಿಗೆ ತಿಂಗಳು ತಿಂಗಳು ಕಟ್ಟಬೇಕು. ಬಿಟ್ಟರೆ, ಮತ್ತೆ ಸೇರುವಾಗ ಬಿಟ್ಟಿದ್ದ ಪ್ರತಿ ಪೂರ್ತಿ 12 ತಿಂಗಳಿಗೆ ಶೇ. 10 ಜಾಸ್ತಿ, ಅದೂ ಜೀವನಪೂರ್ತಿ. ಸೇರುವ ಅವಕಾಶವೂ ಸಾಮಾನ್ಯವಾಗಿ ವರ್ಷಕ್ಕೊಮ್ಮೆ, ಜನವರಿಯಿಂದ ಮಾರ್ಚ್‌ವರೆಗೆ. ಮೊದಲ ಎರಡು ವರ್ಷ ಸುಮ್ನೆ ಕಟ್ಟುತ್ತಾ ಇರಿ ಅನ್ನುವುದು ನನ್ನ ಸಲಹೆ. ಉಳಿಯುವುದು ಖಚಿತ ಆದ ಮೇಲೆ ಬಿಡಿ. ಪ್ರಯೋಗದ ಖರ್ಚು ಅಂತ ತಿಳಿದುಕೊಳ್ಳಿ.

ರಾತ್ರಿಪಾಳಿ

ವಿಮೆ ಬಗ್ಗೆ ಯಾರೂ ಬರೆಯಲಿಲ್ಲ, ನಾನೇ ಸೇರಿಸುತ್ತೇನೆ. ಭಾರತದಲ್ಲಿ 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಎರಡು ಬದಲಾವಣೆ ಮಾಡಿತು. 65 ದಾಟಿದವರಿಗೆ ಹೊಸ ಪಾಲಿಸಿ ಇಲ್ಲ ಅನ್ನುವ ಹಳೆಯ ಮಿತಿ ಹೋಯಿತು. ಮೊದಲೇ ಇರುವ ಕಾಯಿಲೆಗೆ ಕಾಯಿಸುವ ಅವಧಿ ಹೆಚ್ಚೆಂದರೆ 3 ವರ್ಷ ಅಂತಾಯಿತು, ಮೊದಲು 4 ಇತ್ತು. ಅಂದರೆ ಈಗ ಅಮೆರಿಕದಲ್ಲಿ ಕೂತೇ ಭಾರತದ ಪಾಲಿಸಿ ಮಾಡಿಸಿದರೆ ಆ ಮೂರು ವರ್ಷ ಈಗಿನಿಂದಲೇ ಎಣಿಕೆಯಾಗುತ್ತದೆ. ಬಿಪಿ, ಸಕ್ಕರೆ ಕಾಯಿಲೆ ಏನಿದ್ದರೂ ಮುಚ್ಚಿಡದೆ ಬರೆಯಿರಿ. ಹೊರಡುವಾಗ ನಿಮ್ಮ ಔಷಧಿಗಳ ಬ್ರ್ಯಾಂಡ್ ಹೆಸರು ಬೇಡ, ಒಳಗಿರುವ ಮದ್ದಿನ ಹೆಸರು ಮತ್ತು ಮಿಲಿಗ್ರಾಂ ಬರೆಸಿಕೊಳ್ಳಿ. ಬ್ರ್ಯಾಂಡ್ ದೇಶದಿಂದ ದೇಶಕ್ಕೆ ಬೇರೆ. ಸ್ಕ್ಯಾನ್‌ಗಳ ಬರೀ ವರದಿ ಸಾಲದು, ಚಿತ್ರಗಳನ್ನೂ ಕೇಳಿ ತೆಗೆದುಕೊಳ್ಳಿ.

ತೀರದಾಚೆ

ಈಗ ನಾನು, ಅವರಲ್ಲ.

ನಿನ್ನೆ ಮಗಳ ಜೊತೆ ಮಾತಾಡಿದೆವು. ದೂರದಮಗಳು, ನೀನು ಬರೆದದ್ದನ್ನು ಅವಳಿಗೆ ಓದಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ, ಆಮೇಲೆ ತುಂಬಾ ಹೇಳಿದಳು. ಅದು ಇಲ್ಲಿ ಬೇಡ.

ಸದ್ಯಕ್ಕೆ ಇಷ್ಟು: ಮನೆ ಮಾರುವುದಿಲ್ಲ. ಅವರು ಪೌರತ್ವಕ್ಕೆ ಅರ್ಜಿ ಹಾಕುತ್ತಾರೆ. ವಿಮೆ ಈಗಲೇ ಮಾಡಿಸುತ್ತೇವೆ. ಪೌರತ್ವ ಬಂದ ಮೇಲೆ ಒಂದು ವರ್ಷ ಹೋಗಿ ಇರುತ್ತೇವೆ. ಅವರ ಕಡೆಯವರೂ ಇಲ್ಲದ, ನನ್ನ ಕಡೆಯವರೂ ಇಲ್ಲದ ಜಾಗದಲ್ಲಿ, ನಡೆದು ಓಡಾಡುವ ಹಾಗಿರಬೇಕು. ಜಾಗ ನಾನು ಆರಿಸುತ್ತೇನೆ ಅಂದೆ, ಒಪ್ಪಿದರು. ಕೃಷಿ ಜಮೀನಿನ ವಿಷಯದಲ್ಲಿ ಮಾತ್ರ ಇನ್ನೂ ಜಗಳ ನಡೆಯುತ್ತಿದೆ.

ಲೆಕ್ಕದಮ್ಮ ಅವರೇ, ಒಂದು ಅನುಮಾನ ಉಳಿದಿದೆ. ಆ ಒಂದು ವರ್ಷ ನಾವು ಹೋಗುವುದು ಆರ್ಥಿಕ ವರ್ಷದ ಮಧ್ಯದಲ್ಲಾದರೆ, ನೀವು ಹೇಳಿದ ಎರಡು ಮೂರು ವರ್ಷದ ಅನುಕೂಲದಲ್ಲಿ ಒಂದು ವರ್ಷ ಆಗಲೇ ಖರ್ಚಾಗುತ್ತದಾ?

ಲೆಕ್ಕದಮ್ಮ

ಆಗಬಹುದು ಅಕ್ಕ. ಇಲ್ಲಿನ ಆರ್ಥಿಕ ವರ್ಷ ಏಪ್ರಿಲ್‌ನಿಂದ ಮಾರ್ಚ್. ಒಂದು ವರ್ಷದಲ್ಲಿ 182 ದಿನ ಮುಟ್ಟಿದರೆ ಆ ವರ್ಷಕ್ಕೆ ನೀವು ನಿವಾಸಿ, ಎಣಿಕೆ ಶುರು. ಅಕ್ಟೋಬರ್ ಮಧ್ಯದಲ್ಲಿ ಬಂದರೆ ಮಾರ್ಚ್ ಕೊನೆಗೆ 182 ಆಗುವುದಿಲ್ಲ. ಆದರೆ ಹಿಂದಿನ ನಾಲ್ಕು ವರ್ಷದ ಭೇಟಿಗಳು ಸೇರಿ 365 ದಿನ ಆಗಿದ್ದರೆ, ಇಲ್ಲಿನ ಆದಾಯ ಜಾಸ್ತಿ ಇದ್ದರೆ, ಇನ್ನೂ ಕಡಿಮೆ ದಿನಕ್ಕೇ ನಿವಾಸಿ ಆಗುವ ನಿಯಮಗಳಿವೆ. ಟಿಕೆಟ್ ಕೊಳ್ಳುವ ಮೊದಲು ಇಬ್ಬರ ಪಾಸ್‌ಪೋರ್ಟ್ ಮುದ್ರೆಗಳನ್ನೂ ಮುಂದಿಟ್ಟುಕೊಂಡು ದಿನಗಳ ಪಟ್ಟಿ ಮಾಡಿ. ಇಬ್ಬರದ್ದೂ ಬೇರೆ ಬೇರೆ.